ಮನೆಯ ವೈಫೈಗೆ ಡಿಎಚ್‌ಸಿಪಿ, ಡಿಎನ್ಎಸ್: ಯಾವುದನ್ನು ಯಾರ ಕೈಗೆ ಕೊಡಬೇಕು?

ವೈಫೈ ಗೆರೆ ಪೂರ್ತಿ ಇದೆ, ತಿಂಗಳ ಬಿಲ್ ಕಟ್ಟಿಯಾಗಿದೆ, ಆದರೂ ಪುಟ ತೆರೆಯುವುದಿಲ್ಲ. ಕೇಳಿದರೆ ಒಬ್ಬರು ‘ಡಿಎನ್ಎಸ್ ಅನ್ನು 8.8.8.8 ಮಾಡಿ’ ಎನ್ನುತ್ತಾರೆ. ಇನ್ನೊಬ್ಬರಿಗೆ 1.1.1.1 ಆಗಬೇಕು (ಮೊದಲನೆಯದು ಗೂಗಲ್ಲಿನ ಡಿಎನ್ಎಸ್ ಸರ್ವರ್, ಇದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯದು). ಮತ್ತೊಬ್ಬರು ಇಂಟರ್ನೆಟ್ ಕಂಪನಿ ಕೊಟ್ಟ ಬಾಕ್ಸ್ ಬಿಟ್ಟು ಸ್ವಂತ ರೂಟರ್ ತಗೊಳ್ಳಿ ಅಂತಾರೆ, ಕೊಂಚ ಪಳಗಿದವರು ಪೈ-ಹೋಲ್ (ಮನೆಯಲ್ಲೇ ಡಿಎನ್ಎಸ್ ನಡೆಸಿ ಜಾಹೀರಾತು ತಡೆಯುವ ತಂತ್ರಾಂಶ) ಹಾಕಿಬಿಡಿ ಅಂತಾರೆ. ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಐಪಿ ವಿಳಾಸ (ಗುರುತಿನ ಸಂಖ್ಯೆ) ಹಂಚುವ ಕೆಲಸ ಯಾರದು ಎಂಬುದು ಒಂದು; ಅದು ಡಿಎಚ್‌ಸಿಪಿ. ಜಾಲತಾಣದ ಹೆಸರು ಹೇಳಿದರೆ ಅದರ ಸಂಖ್ಯೆ ಹುಡುಕಿಕೊಡುವ ಕೆಲಸ ಯಾರದು ಎಂಬುದು ಇನ್ನೊಂದು, ಅದು ಡಿಎನ್ಎಸ್. ಎರಡನ್ನೂ ಬೇರೆ ಬೇರೆಯಾಗಿ ತೀರ್ಮಾನಿಸಿದರೆ ಮುಕ್ಕಾಲು ಗೊಂದಲ ಕಳೆಯುತ್ತದೆ.

ಮೊದಲು ಕೈಕೊಟ್ಟಿರುವುದು ಯಾವುದು ನೋಡಿ

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಡಿ (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ). ಬರುವ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ನಾಲ್ಕೇ ಸಾಲು: ಐಪಿವಿ4 ವಿಳಾಸ, ಡೀಫಾಲ್ಟ್ ಗೇಟ್‌ವೇ (ಹೊರಗಿನ ನೆಟ್‌ಗೆ ದಾರಿ ಕೊಡುವ ಬಾಕ್ಸ್ ಅಥವಾ ರೂಟರಿನ ವಿಳಾಸ), ಡಿಎಚ್‌ಸಿಪಿ ಸರ್ವರ್, ಡಿಎನ್ಎಸ್ ಸರ್ವರ್. ಆಂಡ್ರಾಯ್ಡ್ ಫೋನಿನಲ್ಲಾದರೆ ವೈಫೈ ಹೆಸರಿನ ಪಕ್ಕದ ಗಿಯರ್ ಗುರುತು ಒತ್ತಿದರೆ ಇವುಗಳಲ್ಲಿ ಬಹುತೇಕ ಸಿಗುತ್ತವೆ.

ವಿಳಾಸ 169.254ರಿಂದ ಶುರುವಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ಈ ಸ್ಥಿತಿಯಲ್ಲಿ ಡಿಎನ್ಎಸ್ ಬದಲಿಸುತ್ತಾ ಕೂತರೆ ಸಂಜೆಯಾಗುತ್ತದೆ, ಕೆಲಸವಾಗುವುದಿಲ್ಲ.

ವಿಳಾಸ ಸರಿಯಾಗಿದ್ದರೆ ಮೊದಲು ಗೇಟ್‌ವೇಗೆ ಪಿಂಗ್ ಮಾಡಿ (‘ಪಿಂಗ್’ ಎಂದು ಬರೆದು ಮುಂದೆ ಸಂಖ್ಯೆ ಕೊಟ್ಟರೆ ಆಚೆಯಿಂದ ಉತ್ತರ ಬರುತ್ತದೆಯೇ ತಿಳಿಯುತ್ತದೆ), ಆಮೇಲೆ 8.8.8.8ಕ್ಕೆ, ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ಗೇಟ್‌ವೇ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ತೊಂದರೆ ಇರುವುದು ಲೈನಿನಲ್ಲಿ. ಫೈಬರ್ ಬಾಕ್ಸ್ ಮೇಲೆ ಎಲ್‌ಒಎಸ್ (ಸಿಗ್ನಲ್ ಇಲ್ಲ ಎನ್ನುವ) ದೀಪ ಕೆಂಪಗಿದೆಯೇ ನೋಡಿ, ಇದ್ದರೆ ಕಂಪನಿಗೆ ಫೋನ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಮಾತ್ರ ಅದು ಡಿಎನ್ಎಸ್. ಆಗಲೂ ಇನ್ನೊಂದು ಪರೀಕ್ಷೆ ಮಾಡಿ: ‘ಎನ್ಎಸ್‌ಲುಕಪ್’ ಎಂದು ಬರೆದು, ಮುಂದೆ ಜಾಲತಾಣದ ಹೆಸರು, ಅದರ ಮುಂದೆ 1.1.1.1 ಕೊಡಿ. ಹೀಗೆ ಬೇರೆ ಸರ್ವರನ್ನು ನೇರವಾಗಿ ಕೇಳಿದಾಗ ಉತ್ತರ ಬಂದರೆ, ಈಗ ಹಾಕಿಕೊಂಡಿರುವ ಡಿಎನ್ಎಸ್ಸೇ ಕೆಟ್ಟಿದೆ ಎಂದು ಖಾತ್ರಿ. ಆಗ ಮಾತ್ರ ಬದಲಾವಣೆಗೆ ಕೈ ಹಾಕಿ.

ಯಾವ ಅಳತೆಗೋಲಿನಿಂದ ಅಳೆಯುವುದು

ಜನ ಸಾಮಾನ್ಯವಾಗಿ ವೇಗವನ್ನು ಮೊದಲ ಅಳತೆ ಮಾಡಿಕೊಳ್ಳುತ್ತಾರೆ. ಅದು ಕೊನೆಯದಾಗಿರಬೇಕು. ಡಿಎನ್ಎಸ್ ಬದಲಿಸಿದರೆ ಪುಟ ತೆರೆಯುವ ಮೊದಲ ಕ್ಷಣ ಚುರುಕಾದೀತು ಅಷ್ಟೆ. ಡೌನ್‌ಲೋಡ್ ವೇಗ ನೀವು ದುಡ್ಡು ಕೊಟ್ಟ ಪ್ಲಾನಿನದೇ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಕೆಟ್ಟಾಗ ಸರಿ ಮಾಡುವವರು ಮನೆಯಲ್ಲಿ ಇರುತ್ತಾರೆಯೇ, ಅಥವಾ ಅದನ್ನು ಹಾಕಿಕೊಟ್ಟ ಮಗ ಬೇರೆ ಊರಿನಲ್ಲಿದ್ದು ಅಪ್ಪ-ಅಮ್ಮ ಮಾತ್ರ ಮನೆಯಲ್ಲಿದ್ದಾರೆಯೇ? ಕಂಪನಿಯ ಬಾಕ್ಸ್ ನಿಮಗೆ ಏನೇನು ಬದಲಿಸಲು ಬಿಡುತ್ತದೆ? ಬದಲಾವಣೆ ಟಿವಿ, ಸಿಸಿಟಿವಿ ಸೇರಿ ಎಲ್ಲಕ್ಕೂ ತಲುಪಬೇಕೇ, ನಿಮ್ಮ ಫೋನಿಗೆ ಮಾತ್ರ ಸಾಕೇ? ಮಕ್ಕಳಿಗಾಗಿ ಸೋಸುವಿಕೆ, ಅಂದರೆ ಬೇಡದ ತಾಣಗಳನ್ನು ತಡೆಯುವುದು, ಬೇಕೇ? ಕರೆಂಟು ಹೋಗಿ ಬಂದಾಗ ಎಲ್ಲವೂ ತಾನಾಗಿಯೇ ಎದ್ದು ನಿಲ್ಲುತ್ತದೆಯೇ? ಆಮೇಲೆ ಖರ್ಚು.

ವಿಳಾಸ ಹಂಚುವವರು: ಒಬ್ಬರೇ ಇರಬೇಕು

ಡಿಎಚ್‌ಸಿಪಿಗೆ ಮೂರು ದಾರಿ: ಕಂಪನಿಯ ಬಾಕ್ಸ್, ಸ್ವಂತ ರೂಟರ್, ಇಲ್ಲವೇ ಪೈ-ಹೋಲ್ ಹಾಕಿದ ಪುಟ್ಟ ಕಂಪ್ಯೂಟರ್. ಯಾವುದನ್ನೇ ಆರಿಸಿ, ಒಂದೇ ಇರಲಿ. ಒಂದೇ ಛತ್ರಕ್ಕೆ ಇಬ್ಬರು ಮ್ಯಾನೇಜರುಗಳು ಕೂತು, ಒಬ್ಬರಿಗೊಬ್ಬರು ಹೇಳದೆ ಕೋಣೆಯ ಕೀ ಕೊಡತೊಡಗಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಸಾಧನ ‘ಯಾರಾದರೂ ವಿಳಾಸ ಕೊಡಿ’ ಎಂದು ಕೂಗುತ್ತದೆ, ಸಾಮಾನ್ಯವಾಗಿ ಮೊದಲು ಉತ್ತರಿಸಿದವರನ್ನು ಒಪ್ಪಿಕೊಳ್ಳುತ್ತದೆ. ಹಾಗಾಗಿ ಇವತ್ತು ಸರಿ ಇದ್ದ ಫೋನು ನಾಳೆ ಕೈಕೊಡುತ್ತದೆ, ಪಕ್ಕದ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತಿರುತ್ತದೆ. ಇಂಥ ಚಂಚಲ ತೊಂದರೆ ಕಂಡರೆ ಎರಡು ಸಾಧನಗಳಲ್ಲಿ ಡಿಎಚ್‌ಸಿಪಿ ಸರ್ವರ್ ಸಾಲನ್ನು ಹೋಲಿಸಿ. ಬೇರೆ ಬೇರೆ ಸಂಖ್ಯೆ ಕಂಡರೆ ಕಳ್ಳ ಸಿಕ್ಕ.

ಕಂಪನಿಯ ಬಾಕ್ಸನ್ನೇ ಉಳಿಸಿಕೊಳ್ಳುವುದು ಖರ್ಚಿಲ್ಲದ ದಾರಿ, ಹೆಚ್ಚಿನ ಮನೆಗಳಿಗೆ ಇದು ಸಾಕು. ಕೆಟ್ಟರೆ ಅವರೇ ಬಂದು ಸರಿ ಮಾಡಬೇಕು, ಇದು ಸಣ್ಣ ಲಾಭವಲ್ಲ. ತೊಂದರೆ ಎರಡು. ಕೆಲವು ಬಾಕ್ಸುಗಳಲ್ಲಿ ಡಿಎನ್ಎಸ್ ಬದಲಿಸುವ ಜಾಗವೇ ಇರುವುದಿಲ್ಲ, ಅಥವಾ ಬೀಗ ಹಾಕಿರುತ್ತಾರೆ. ಜತೆಗೆ ಕಂಪನಿ ಈ ಬಾಕ್ಸನ್ನು ದೂರದಿಂದಲೇ ನಿಭಾಯಿಸುತ್ತದೆ. ಅಪ್‌ಡೇಟ್ ಬಂದ ರಾತ್ರಿ ನೀವು ಮಾಡಿದ ಬದಲಾವಣೆ ಅಳಿಸಿಹೋದರೆ ಆಶ್ಚರ್ಯಪಡಬೇಡಿ. ಸೆಟ್ಟಿಂಗ್ ಪುಟಕ್ಕೆ ಹೋಗಲು ಬ್ರೌಸರಿನಲ್ಲಿ ಗೇಟ್‌ವೇ ಸಂಖ್ಯೆ ಹಾಕಿ. ಸಾಮಾನ್ಯವಾಗಿ 192.168.1.1, ಜಿಯೋಫೈಬರ್ ಆದರೆ 192.168.29.1.

ಸ್ವಂತ ರೂಟರಿಗೆ ಒಂದೂವರೆ ಸಾವಿರದಿಂದ ಮೂರು ಸಾವಿರ ರೂಪಾಯಿ ಸಾಕು. ಲಾಭವೇನೆಂದರೆ ಕಂಪನಿ ಬದಲಿಸಿದರೂ ಮನೆಯೊಳಗಿನ ವೈಫೈ ಹೆಸರು, ಪಾಸ್‌ವರ್ಡ್, ವಿಳಾಸದ ಲೆಕ್ಕ ಎಲ್ಲ ಹಾಗೇ ಉಳಿಯುತ್ತದೆ. ಆದರೆ ಜೋಡಿಸುವ ರೀತಿಯಲ್ಲೇ ಹೆಚ್ಚು ಜನ ಎಡವುತ್ತಾರೆ. ರೀತಿಗಳು ಮೂರು.

ಬಾಕ್ಸಿನ ಲ್ಯಾನ್ (ಮನೆಯೊಳಗಿನ ಸಾಧನಗಳ) ಪೋರ್ಟಿನಿಂದ ಹೊಸ ರೂಟರಿನ ವ್ಯಾನ್ (ಹೊರಗಿನಿಂದ ನೆಟ್ ಬರುವ) ಪೋರ್ಟಿಗೆ ಕೇಬಲ್ ಹಾಕುವುದು ಸುಲಭ. ಎರಡೂ ಕಡೆ ಡಿಎಚ್‌ಸಿಪಿ ಇದ್ದರೂ ಪರವಾಗಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕಿಗೆ ಹಂಚುತ್ತಿರುತ್ತವೆ. ಷರತ್ತು ಒಂದೇ: ಎರಡರ ಸಂಖ್ಯೆಯ ಸಾಲು (ಮೊದಲ ಮೂರು ಸಂಖ್ಯೆ) ಒಂದೇ ಆಗಿರಬಾರದು. ಬಾಕ್ಸ್ 192.168.1.1 ಆಗಿದ್ದು ಹೊಸ ರೂಟರೂ 192.168.1.1 ಆಗಿದ್ದರೆ ನೆಟ್ ಬರುವುದಿಲ್ಲ, ಹೊಸದನ್ನು 192.168.50.1 ಮಾಡಿ. ಇಲ್ಲಿ ತೆರಬೇಕಾದ ಬೆಲೆ ಡಬಲ್ ನ್ಯಾಟ್, ಅಂದರೆ ಹೊರಗೆ ಹೋಗುವ ದಾರಿಯಲ್ಲಿ ವಿಳಾಸ ಎರಡು ಸಲ ಬದಲಾಗುವುದು. ಬ್ರೌಸಿಂಗ್, ವಿಡಿಯೋ, ಮೀಟಿಂಗ್‌ಗೆ ಅದರಿಂದ ತೊಂದರೆಯಿಲ್ಲ. ಕೆಲವು ಆನ್‌ಲೈನ್ ಆಟಗಳು, ಹೊರಗಿನಿಂದ ನೇರವಾಗಿ ನೋಡುವ ಸಿಸಿಟಿವಿ ಕೊಸರಾಡುತ್ತವೆ. ಬಾಕ್ಸಿನ ವೈಫೈಗೆ ಸೇರಿದ ಟಿವಿಗೆ ರೂಟರಿನ ವೈಫೈಯಲ್ಲಿರುವ ಫೋನು ಕಾಣದೇ ಹೋಗುವುದೂ ಇದರಿಂದಲೇ. ಬಾಕ್ಸಿನ ವೈಫೈ ಆರಿಸಿಬಿಡಿ.

ಎರಡನೆಯದು ಬ್ರಿಜ್ ಮೋಡ್. ಬಾಕ್ಸ್ ಬರೀ ಫೈಬರನ್ನು ಕೇಬಲ್ ಮಾಡಿಕೊಡುತ್ತದೆ, ಉಳಿದದ್ದೆಲ್ಲ ನಿಮ್ಮ ರೂಟರಿನದು. ಇದು ಅಚ್ಚುಕಟ್ಟು, ಆದರೆ ಕಂಪನಿ ಒಪ್ಪಬೇಕು. ಪಿಪಿಪಿಒಇ (ಯೂಸರ್‌ನೇಮ್ ಹಾಕಿ ಲಾಗಿನ್ ಆಗುವ) ಕನೆಕ್ಷನ್ ಆದರೆ ಅದರ ಯೂಸರ್‌ನೇಮ್, ಪಾಸ್‌ವರ್ಡ್ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಬಾಕ್ಸಿನಿಂದಲೇ ಲ್ಯಾಂಡ್‌ಲೈನ್ ಫೋನ್ ಬರುತ್ತಿದ್ದರೆ ಬ್ರಿಜ್ ಮಾಡಿದ ಮೇಲೆ ಅದು ನಡೆಯುತ್ತದೆಯೇ ಎಂದೂ ಕೇಳಿ.

ಮೂರನೆಯದು, ವಿಳಾಸವನ್ನು ಕಂಪನಿಯ ಬಾಕ್ಸೇ ಹಂಚಲಿ, ಹೊಸ ರೂಟರ್ ಮಹಡಿಗೆ ವೈಫೈ ಮುಟ್ಟಿಸಲಿ ಸಾಕು ಎನ್ನುವವರಿಗೆ. ರೂಟರಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಒಂದು ಕ್ಲಿಕ್ಕಿನ ಕೆಲಸ. ಹಳೆಯ ರೂಟರಾದರೆ ಕೈಯಾರೆ ಮಾಡಬೇಕು, ಅದೂ ಇದೇ ಕ್ರಮದಲ್ಲಿ: ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಹಳೆಯ ರೂಟರಿಗೆ ಮಾತ್ರ ಸಿಕ್ಕಿಸಿ, ಅದರ ಲ್ಯಾನ್ ಐಪಿಯನ್ನು (ಬಾಕ್ಸ್ 192.168.1.1 ಆಗಿದ್ದರೆ) 192.168.1.2 ಮಾಡಿ ಸೇವ್ ಮಾಡಿ. ಹೊಸ ಸಂಖ್ಯೆಯಲ್ಲಿ ಮತ್ತೆ ಲಾಗಿನ್ ಆಗಿ ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಕಟ್ಟಕಡೆಗೆ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಬಾಕ್ಸಿನ ಲ್ಯಾನ್‌ನಿಂದ ಇದರ ಲ್ಯಾನ್ ಪೋರ್ಟಿಗೇ ಕೇಬಲ್ ಕೊಡಿ, ವ್ಯಾನ್ ಪೋರ್ಟು ಖಾಲಿ ಇರಲಿ. ಡಿಎಚ್‌ಸಿಪಿಯನ್ನು ಮೊದಲೇ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ನೀವೇ ಹೊರಗುಳಿಯುತ್ತೀರಿ. ಹಾಗಾದಾಗ ರೀಸೆಟ್ ಮಾಡಬೇಕಿಲ್ಲ, ರೂಟರ್ 192.168.0.1 ಆಗಿದ್ದರೆ ಲ್ಯಾಪ್‌ಟಾಪಿಗೆ ಕೈಯಿಂದ 192.168.0.50, ಸಬ್‌ನೆಟ್ ಮಾಸ್ಕ್ 255.255.255.0 ಹಾಕಿ ಒಳಗೆ ಹೋಗಿ.

ಪ್ರಿಂಟರ್, ಡಿವಿಆರ್: ಸ್ಟ್ಯಾಟಿಕ್ ಐಪಿಯೋ ರಿಸರ್ವೇಶನ್ನೋ

ಇವುಗಳ ವಿಳಾಸ ದಿನಾ ಬದಲಾಗಬಾರದು. ಸಿಸಿಟಿವಿ ಹಾಕಲು ಬಂದವರು ಸಾಮಾನ್ಯವಾಗಿ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಒಳಗೇ ಸ್ಟ್ಯಾಟಿಕ್, ಅಂದರೆ ಕೈಯಿಂದ ಬರೆದ ಬದಲಾಗದ ಐಪಿ ತುಂಬಿ ಹೋಗುತ್ತಾರೆ. ಅದು ರೂಟರ್ ಹಂಚುವ ಸಾಲಿನೊಳಗೇ ಬಿದ್ದರೆ, ಒಂದು ದಿನ ಅದೇ ಸಂಖ್ಯೆ ಯಾರದೋ ಫೋನಿಗೂ ಹೋಗಿ ಎರಡೂ ಕೈಕೊಡುತ್ತವೆ. ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಹಂಚುವ ಸಾಲನ್ನು 192.168.1.100ರಿಂದ 192.168.1.200ಕ್ಕೆ ಇಳಿಸಿ, ನೂರಾ ಒಂದು ವಿಳಾಸ ಯಾವ ಮನೆಗೂ ಧಾರಾಳ. ಸ್ಟ್ಯಾಟಿಕ್ ಹಾಕುವುದಿದ್ದರೆ ನೂರರ ಕೆಳಗೆ ಹಾಕಿ.

ನನ್ನ ಓಟು ರಿಸರ್ವೇಶನ್‌ಗೆ: ಸಾಧನದ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತಿನ ಸಂಖ್ಯೆ) ನೋಡಿ ರೂಟರೇ ಪ್ರತಿ ಸಲ ಅದೇ ಐಪಿ ಕೊಡುತ್ತದೆ. ಮುಂದೆ ಕಂಪನಿ ಬದಲಾಗಿ ಸಾಲು 192.168.29ಕ್ಕೆ ಹೋದರೂ ಪ್ರಿಂಟರ್ ತಾನಾಗಿ ಹೊಸ ಸಾಲಿಗೆ ಬರುತ್ತದೆ, ಹೊಸ ಬಾಕ್ಸಿನಲ್ಲಿ ರಿಸರ್ವೇಶನ್ ಮತ್ತೆ ಬರೆದರಾಯಿತು. ಸ್ಟ್ಯಾಟಿಕ್ ಹಾಕಿದ ಡಿವಿಆರ್ ಮಾತ್ರ ಹಳೆಯ ಸಾಲಿನಲ್ಲೇ ಕೂತಿರುತ್ತದೆ, ಮಾನಿಟರ್ ಸಿಕ್ಕಿಸಿ ಬದಲಿಸಬೇಕು. ಫೋನುಗಳಿಗೆ ರಿಸರ್ವೇಶನ್ ಮಾಡುವುದಿದ್ದರೆ ಒಂದು ಎಚ್ಚರ: ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ನಿಜವಾದ ಮ್ಯಾಕ್ ಬದಲು ಸುಳ್ಳು ಮ್ಯಾಕ್ ತೋರಿಸುತ್ತವೆ. ಮನೆಯ ವೈಫೈಗೆ ಮಾತ್ರ ಅದನ್ನು ಆಫ್ ಮಾಡಿ.

ಡಿಎನ್ಎಸ್: ಎಲ್ಲಿ ಬರೆಯುತ್ತೀರಿ ಎಂಬುದೇ ಮುಖ್ಯ

ರೂಟರಿನಲ್ಲಿ ಡಿಎನ್ಎಸ್ ಬರೆಯಲು ಎರಡು ಜಾಗ ಇರುತ್ತವೆ, ಎರಡೂ ಒಂದೇ ಎಂದುಕೊಳ್ಳುವುದರಿಂದಲೇ ‘ಬದಲಿಸಿದೆ, ಏನೂ ಆಗಲಿಲ್ಲ’ ಎಂಬ ದೂರು. ಒಂದು ವ್ಯಾನ್ ಅಥವಾ ಇಂಟರ್ನೆಟ್ ಪುಟದಲ್ಲಿ. ಅಲ್ಲಿ ಬರೆದರೆ ಮನೆಯ ಸಾಧನಗಳಿಗೆ ಏನೂ ಗೊತ್ತಾಗುವುದಿಲ್ಲ. ಅವು ರೂಟರನ್ನೇ ಕೇಳುತ್ತವೆ, ರೂಟರ್ ನೀವು ಬರೆದವರನ್ನು ಕೇಳಿ ಉತ್ತರ ತಂದುಕೊಡುತ್ತದೆ. ಪರಿಣಾಮ ತಕ್ಷಣ. ಇನ್ನೊಂದು ಲ್ಯಾನ್ ಅಥವಾ ಡಿಎಚ್‌ಸಿಪಿ ಪುಟದಲ್ಲಿ. ಅಲ್ಲಿ ಬರೆದರೆ ಸಾಧನಗಳಿಗೇ ಆ ಸಂಖ್ಯೆ ಹೋಗುತ್ತದೆ, ಅವು ನೇರವಾಗಿ ಕೇಳುತ್ತವೆ. ಆದರೆ ಹೋಗುವುದು ಲೀಸ್ (ವಿಳಾಸವನ್ನು ಇಷ್ಟು ಹೊತ್ತು ಇಟ್ಟುಕೊಳ್ಳಿ ಎಂಬ ಗಡುವು) ನವೀಕರಣ ಆದಾಗ, ಅಂದರೆ ಲೀಸ್ ಅವಧಿಯ ಅರ್ಧ ಕಳೆದ ಮೇಲೆ. 24 ಗಂಟೆಯ ಲೀಸ್ ಆದರೆ ಹನ್ನೆರಡು ಗಂಟೆವರೆಗೂ ಹಳೆಯದೇ ನಡೆಯಬಹುದು. ಕಾಯುವ ಬದಲು ವೈಫೈ ಆಫ್ ಮಾಡಿ ಆನ್ ಮಾಡಿ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ರಿನ್ಯೂ’, ಆಮೇಲೆ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್’.

ಅಗ್ಗದ ಬಾಕ್ಸುಗಳಲ್ಲಿ ರೂಟರ್ ನಡುವೆ ನಿಂತು ಉತ್ತರ ತಂದುಕೊಡುವ ದಳ್ಳಾಳಿ ಕೆಲಸವೇ ಸ್ತಬ್ಧವಾಗುವುದುಂಟು; ಬಾಕ್ಸ್ ಆಫ್-ಆನ್ ಮಾಡಿದರೆ ಎರಡು ದಿನ ಸರಿಹೋಗಿ ಮತ್ತೆ ಅದೇ ಕತೆ. ಅಂಥ ಮನೆಗೆ ಡಿಎಚ್‌ಸಿಪಿ ಪುಟದಲ್ಲಿ ಬರೆಯುವುದೇ ಮದ್ದು.

ರೂಟರಿನಲ್ಲಿ ಬರೆದರೂ ಕೆಲವು ಸಾಧನಗಳು ಕೇಳುವುದಿಲ್ಲ. ಕ್ರೋಮ್‌ಕಾಸ್ಟ್‌ನಂಥವು 8.8.8.8 ಅನ್ನು ತಮ್ಮೊಳಗೇ ಬರೆದುಕೊಂಡು ಬರುತ್ತವೆ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ‘ಸೆಕ್ಯೂರ್ ಡಿಎನ್ಎಸ್’ ಆನ್ ಆಗಿದ್ದರೆ ಬ್ರೌಸರ್ ತನ್ನದೇ ದಾರಿ ಹಿಡಿಯಬಹುದು. ಇನ್ನೂ ದೊಡ್ಡ ಕಿಂಡಿ ಐಪಿವಿ6, ಅಂದರೆ ಐಪಿವಿ4ರ ಜತೆಗೇ ನಡೆಯುವ ಹೊಸ ಬಗೆಯ ವಿಳಾಸ. ಐಪಿವಿ4ರ ಡಿಎನ್ಎಸ್ ಬದಲಿಸಿ ಐಪಿವಿ6ರದನ್ನು ಹಾಗೇ ಬಿಟ್ಟರೆ ಫೋನು ಆ ದಾರಿಯಲ್ಲಿ ಕಂಪನಿಯ ಡಿಎನ್ಎಸ್ಸನ್ನೇ ಕೇಳುತ್ತಿರುತ್ತದೆ. ಅಲ್ಲಿ ಗೂಗಲ್‌ಗೆ 2001:4860:4860::8888, ಕ್ಲೌಡ್‌ಫ್ಲೇರ್‌ಗೆ 2606:4700:4700::1111 ಬರೆಯಿರಿ.

ಬಾಕ್ಸ್ ಬಿಡಲೇ ಇಲ್ಲವೆಂದರೆ ಫೋನಿನಲ್ಲೇ ಬದಲಿಸಿ. ಆಂಡ್ರಾಯ್ಡ್ 9ರಿಂದ ಈಚೆಗೆ ‘ಪ್ರೈವೇಟ್ ಡಿಎನ್ಎಸ್’ ಇದೆ. ಅಲ್ಲಿ ಸಂಖ್ಯೆ ಹಾಕಿದರೆ ತಗೊಳ್ಳುವುದಿಲ್ಲ, ಹೆಸರೇ ಬೇಕು. ಗೂಗಲ್ಲಿಗೆ ‘ಡಿಎನ್ಎಸ್ ಡಾಟ್ ಗೂಗಲ್’, ಕ್ಲೌಡ್‌ಫ್ಲೇರ್‌ಗೆ ‘ಒನ್’ ಎಂಬುದನ್ನು ನಾಲ್ಕು ಸಲ, ನಡುವೆ ಚುಕ್ಕಿ. ಇದು ಮೊಬೈಲ್ ಡೇಟಾದಲ್ಲೂ ನಡೆಯುತ್ತದೆ, ಕೇಳಿದ ಪ್ರಶ್ನೆ ದಾರಿಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಕಳೆದುಕೊಳ್ಳುವುದೇನು? ಲಾಡ್ಜು, ವಿಮಾನ ನಿಲ್ದಾಣದ ವೈಫೈಗೆ ಸೇರುವಾಗ ಲಾಗಿನ್ ಪುಟ ಬರದೇ ಹೋಗಬಹುದು. ಅಲ್ಲಿ ತಾತ್ಕಾಲಿಕವಾಗಿ ‘ಆಟೋಮ್ಯಾಟಿಕ್’ಗೆ ಹಾಕಿಕೊಳ್ಳಿ. ಕಚೇರಿಯ ವಿಪಿಎನ್ ಒಳಗಿನ ಹೆಸರುಗಳು ತೆರೆಯದಿದ್ದರೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿರುವ ‘ಸೆಕ್ಯೂರ್ ಡಿಎನ್ಎಸ್’ ಮೇಲೇ ಮೊದಲು ಅನುಮಾನಪಡಿ.

ಯಾವ ಸಂಖ್ಯೆ?

ಕಂಪನಿಯದೇ ಡಿಎನ್ಎಸ್ ಚೆನ್ನಾಗಿ ನಡೆಯುತ್ತಿದ್ದರೆ ಮುಟ್ಟಬೇಡಿ. ವಿಡಿಯೋ ಸೇವೆಗಳು ಎಷ್ಟೋ ಸಲ ನಿಮ್ಮ ಕಂಪನಿಯೊಳಗೇ ಸರ್ವರ್ ಇಟ್ಟಿರುತ್ತವೆ, ಹತ್ತಿರದ ಸರ್ವರನ್ನು ತೋರಿಸುವುದರಲ್ಲಿ ಕಂಪನಿಯ ಡಿಎನ್ಎಸ್‌ಗೆ ಮೇಲುಗೈ. ಸಂಜೆ ಹೊತ್ತು ಅದು ತೂಕಡಿಸುತ್ತಿದ್ದರೆ ಗೂಗಲ್ಲಿನ 8.8.8.8, 8.8.4.4 ಹಾಕಿ. 2009ರಿಂದ ಇದೆ, ಏನನ್ನೂ ಸೋಸುವುದಿಲ್ಲ. ನಿಮ್ಮ ವಿಳಾಸದ ಒಂದು ಭಾಗವನ್ನು ಮುಂದಕ್ಕೆ ತಿಳಿಸುವುದರಿಂದ ಹತ್ತಿರದ ವಿಡಿಯೋ ಸರ್ವರ್ ಸಿಗುವ ಸಾಧ್ಯತೆ ಹೆಚ್ಚು. ಕ್ಲೌಡ್‌ಫ್ಲೇರ್ (1.1.1.1, 1.0.0.1, 2018ರಿಂದ) ಅದನ್ನು ತಿಳಿಸುವುದಿಲ್ಲ. ಗುಟ್ಟು ಉಳಿಯುತ್ತದೆ, ಅಪರೂಪಕ್ಕೆ ವಿಡಿಯೋ ದೂರದ ಸರ್ವರಿನಿಂದ ಬರುತ್ತದೆ. ಬದಲಿಸಿದ ಮೇಲೆ ಯೂಟ್ಯೂಬ್ ಚೆನ್ನಾಗಿದ್ದು ಇನ್ನೊಂದು ಆ್ಯಪ್ ಮಾತ್ರ ತೆವಳತೊಡಗಿದರೆ ಇದನ್ನು ನೆನೆಯಿರಿ.

ವಂಚನೆ ಲಿಂಕುಗಳ ಭಯ ಇರುವ ಮನೆಗೆ, ಅದರಲ್ಲೂ ಬಂದ ಮೆಸೇಜನ್ನೆಲ್ಲ ಒತ್ತುವ ಹಿರಿಯರಿದ್ದರೆ, ಕ್ವಾಡ್9 (9.9.9.9, 149.112.112.112) ಒಳ್ಳೆಯದು. ಸ್ವಿಟ್ಜರ್ಲೆಂಡಿನ ಲಾಭರಹಿತ ಸಂಸ್ಥೆ ನಡೆಸುತ್ತದೆ, ಗೊತ್ತಿರುವ ಕೆಟ್ಟ ತಾಣಗಳ ಹೆಸರಿಗೆ ‘ಅಂಥದ್ದು ಇಲ್ಲ’ ಎಂದುಬಿಡುತ್ತದೆ. ಕ್ಲೌಡ್‌ಫ್ಲೇರಿನ 1.1.1.2 (ಜೋಡಿ 1.0.0.2) ಕೂಡ ಇದೇ ಕೆಲಸಕ್ಕೆ. ಮಕ್ಕಳಿರುವ ಮನೆಗೆ 1.1.1.3 ಮತ್ತು 1.0.0.3, ಇಲ್ಲವೇ ಆಡ್‌ಗಾರ್ಡ್‌ನ 94.140.14.15 ಮತ್ತು 94.140.15.16, ಆಡ್‌ಗಾರ್ಡ್ ಜಾಹೀರಾತನ್ನೂ ತಡೆಯುತ್ತದೆ. ಜಾಹೀರಾತು ತಡೆದರೆ ಗೂಗಲ್ ಹುಡುಕಾಟದ ಮೇಲಿನ ಪ್ರಾಯೋಜಿತ ಲಿಂಕುಗಳು ತೆರೆಯುವುದಿಲ್ಲ, ಮನೆಯವರು ‘ನೆಟ್ ಹಾಳಾಗಿದೆ’ ಎನ್ನುತ್ತಾರೆ; ಮೊದಲೇ ಹೇಳಿಡಿ. ಮಗ ಮೊಬೈಲ್ ಡೇಟಾಕ್ಕೆ ಹಾರಿದರೆ ರೂಟರಿನ ಸೋಸುವಿಕೆ ಅಲ್ಲಿಗೆ ಮುಗಿಯಿತು.

ನೆಕ್ಸ್ಟ್‌ಡಿಎನ್ಎಸ್‌ನಲ್ಲಿ ಏನು ತಡೆಯಬೇಕೆಂದು ನೀವೇ ಪಟ್ಟಿ ಮಾಡಬಹುದು. ತಿಂಗಳಿಗೆ 3 ಲಕ್ಷ ಪ್ರಶ್ನೆ ಪುಕ್ಕಟೆ, ದಿನಕ್ಕೆ ಹತ್ತು ಸಾವಿರದ ಲೆಕ್ಕ. ಒಬ್ಬರ ಫೋನಿಗೆ ಬೇಕಾದಷ್ಟಾಯಿತು. ನಾಲ್ಕೈದು ಫೋನು, ಒಂದು ಸ್ಮಾರ್ಟ್ ಟಿವಿ ಇರುವ ಮನೆ ತಿಂಗಳು ಮುಗಿಯುವ ಮೊದಲೇ ದಾಟಬಹುದು. ದಾಟಿದರೆ ನೆಟ್ ನಿಲ್ಲುವುದಿಲ್ಲ, ಸೋಸುವುದು ನಿಲ್ಲುತ್ತದೆ.

ಯಾವುದನ್ನು ಹಾಕಿದರೂ ಎರಡನೆಯ ಖಾನೆಯಲ್ಲಿ ಅದರದೇ ಜೋಡಿ ಬರೆಯಿರಿ. ಮೊದಲನೆಯದು 1.1.1.3, ಎರಡನೆಯದು 8.8.8.8 ಎಂದು ‘ಇರಲಿ, ಸ್ಪೇರ್’ ಅಂತ ಹಾಕಿದರೆ ಸಾಧನಗಳು ಮನಸ್ಸಿಗೆ ಬಂದಾಗ ಎರಡನೆಯದನ್ನೂ ಕೇಳುತ್ತವೆ. ಸೋಸುವಿಕೆಗೆ ತೂತು ಬೀಳುತ್ತದೆ.

ಪೈ-ಹೋಲ್ ಯಾರಿಗೆ

ಪೈ-ಹೋಲ್ ಓಡಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಮೆಮೊರಿ ಕಾರ್ಡ್, ಅಡಾಪ್ಟರ್ ಸೇರಿ ಮೂರು-ನಾಲ್ಕು ಸಾವಿರದ ಬಾಬತ್ತು. 512 ಎಂಬಿ ರ‍್ಯಾಮ್ ಇರುವ ಝೀರೋ 2 ಡಬ್ಲ್ಯೂ ಸಾಕು, ಆದರೆ ಅದರಲ್ಲಿ ನೆಟ್‌ವರ್ಕ್ ಕೇಬಲ್ ಪೋರ್ಟಿಲ್ಲ. ಯುಎಸ್‌ಬಿ ಅಡಾಪ್ಟರ್ ಹಾಕಿ ಕೇಬಲ್‌ನಲ್ಲೇ ಸಿಕ್ಕಿಸಿ. ಮನೆಯಲ್ಲಿ ಯಾವ ಸಾಧನ ಯಾರನ್ನು ಕೇಳುತ್ತಿದೆ ಎಂದು ಒಂದೊಂದಾಗಿ ಕಾಣುವುದೇ ಇದರ ನಿಜವಾದ ಸುಖ. ಅದಕ್ಕಾಗಿ ಪೈ ವಿಳಾಸವನ್ನು ರಿಸರ್ವ್ ಮಾಡಿ ಡಿಎಚ್‌ಸಿಪಿ ಪುಟದಲ್ಲೇ ಬರೆಯಬೇಕು; ವ್ಯಾನ್ ಪುಟದಲ್ಲಿ ಬರೆದರೆ ಎಲ್ಲ ಪ್ರಶ್ನೆಯೂ ರೂಟರ್ ಕೇಳಿದಂತೆಯೇ ಕಾಣುತ್ತದೆ. ಯೂಟ್ಯೂಬ್ ಜಾಹೀರಾತು ಹೋಗುತ್ತದೆಂದು ಇದನ್ನು ಕೊಳ್ಳಬೇಡಿ. ವಿಡಿಯೋ ಬರುವ ಹೆಸರಿನಿಂದಲೇ ಅದೂ ಬರುತ್ತದೆ, ಡಿಎನ್ಎಸ್‌ಗೆ ಎರಡರ ವ್ಯತ್ಯಾಸ ತಿಳಿಯದು.

ಬಾಕ್ಸಿನಲ್ಲಿ ಡಿಎನ್ಎಸ್ ಬದಲಿಸಲು ಬಿಡದೆ ಡಿಎಚ್‌ಸಿಪಿ ಆಫ್ ಮಾಡಲು ಮಾತ್ರ ಬಿಟ್ಟರೆ, ವಿಳಾಸ ಹಂಚುವುದನ್ನೂ ಪೈಗೇ ಕೊಡಬಹುದು. ಅದನ್ನೂ ಬಿಡದ ಬಾಕ್ಸಾದರೆ ಮೊದಲು ಸ್ವಂತ ರೂಟರ್, ಆಮೇಲೆ ಪೈ. ಇದರ ಶತ್ರು ಕರೆಂಟು. ಪೈ ತನ್ನ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡ್ ಕೆಡಬಹುದು, ಕೆಟ್ಟರೆ ಇಡೀ ಮನೆಗೆ ನೆಟ್ ಇಲ್ಲ. ಬಾಕ್ಸಿಗೆ 12 ವೋಲ್ಟಿನ ಮಿನಿ ಯುಪಿಎಸ್ ಇಟ್ಟಿದ್ದರೆ, 5 ವೋಲ್ಟ್ ಔಟ್‌ಪುಟ್ಟೂ ಇರುವ ಮಾದರಿ ನೋಡಿ ಪೈಯನ್ನೂ ಅದಕ್ಕೇ ಸಿಕ್ಕಿಸಿ. ಡಿಎನ್ಎಸ್ ಖಾನೆಗೆ 1.1.1.1 ವಾಪಸ್ ಬರೆಯುವುದು ಹೇಗೆಂದು ಒಂದು ಚೀಟಿಯಲ್ಲಿ ಬರೆದು ರೂಟರಿಗೆ ಅಂಟಿಸಿ. ನೀವು ಊರಲ್ಲಿಲ್ಲದಾಗ ಅದನ್ನು ಓದಿ ಮಾಡುವವರು ಮನೆಯಲ್ಲಿ ಯಾರೂ ಇಲ್ಲವಾದರೆ ಪೈ ಬೇಡ, 1.1.1.3ರಲ್ಲೇ ನಿಲ್ಲಿ.

ಬಾಡಿಗೆ ಮನೆಯಲ್ಲಿ ಒಬ್ಬಿಬ್ಬರೇ ಇದ್ದು ಬಾಕ್ಸ್ ಮಾಲೀಕರದ್ದಾದರೆ ಅದನ್ನು ತೆರೆಯಲೇ ಬೇಡಿ, ಪ್ರೈವೇಟ್ ಡಿಎನ್ಎಸ್ ಸಾಕು. ಪಿಜಿ, ಹೋಮ್‌ಸ್ಟೇ ನಡೆಸುವವರ ತೊಂದರೆ ಬೇರೆ ಥರದ್ದು: ಹೊಸ ಅತಿಥಿಗಳಿಗೆ ಮಾತ್ರ ‘ಐಪಿ ವಿಳಾಸ ಪಡೆಯಲಾಗುತ್ತಿಲ್ಲ’ ಎಂದು ಬರುತ್ತದೆ, ಹಳಬರಿಗೆ ಚೆನ್ನಾಗಿರುತ್ತದೆ. ಖಾಲಿ ಮಾಡಿ ಹೋದವರ ಫೋನುಗಳ ಹೆಸರಿನಲ್ಲೇ ವಿಳಾಸ ಹಿಡಿದಿಟ್ಟುಕೊಂಡಿರುವುದರಿಂದ ಹೀಗಾಗುತ್ತದೆ. ಅಲ್ಲಿ ಲೀಸ್ ಅವಧಿಯನ್ನು 2 ಗಂಟೆಗೆ ಇಳಿಸಿ, ಸಾಲನ್ನು 20ರಿಂದ 250ರವರೆಗೆ ಹಿಗ್ಗಿಸಿ, ಸಿಸಿಟಿವಿಗೆ ಇಪ್ಪತ್ತರ ಕೆಳಗಿನ ವಿಳಾಸ ಕೊಡಿ, ಅತಿಥಿಗಳನ್ನು ಗೆಸ್ಟ್ ವೈಫೈಗೆ ಹಾಕಿ.